‘ಸ್ಕಿಲ್ ಗೇಮ್’ ಸರಿ, ಆ ಸ್ಕಿಲ್ ಕಲಿಯೋ ಖರ್ಚು ಯಾರದ್ದು?

2025ರ ಸೆಪ್ಟೆಂಬರ್‌ನ ಒಂದು ರಾತ್ರಿ, ಹನ್ನೊಂದು ದಾಟಿದ ಮೇಲೆ ಚಿಕ್ಕಪ್ಪನ ಮಗ ಫೋನ್ ಮಾಡಿದ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ ಓದ್ತಿದ್ದಾನೆ. ಅಷ್ಟು ಹೊತ್ತಲ್ಲಿ ಊರ ಕಡೆಯಿಂದ ಫೋನ್ ಬಂದರೆ ಯಾರಿಗೋ ಏನೋ ಆಗಿದೆ ಅಂತಲೇ ಎದೆ ಧಸಕ್ ಅನ್ನುತ್ತೆ. ಅಂಥದ್ದೇನೂ ಇರಲಿಲ್ಲ. ‘ಅಣ್ಣಾ, ನಿಂಗೆ ಪೋಕರ್ ಚೆನ್ನಾಗಿ ಬರುತ್ತಲ್ಲ, ಗೆಲ್ಲೋದು ಹೇಗೆ ಅಂತ ಹೇಳ್ಕೊಡ್ತೀಯಾ?’ ಅಂದ.

ಎಷ್ಟು ಹೋಯ್ತು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ‘ಮೂವತ್ತೆಂಟು ಸಾವಿರ’ ಅಂದ. ಕಾಲೇಜಿಗೆ ಕಟ್ಟಬೇಕಿದ್ದ ಫೀಸಿನ ಎರಡನೇ ಕಂತೂ ಅದರಲ್ಲೇ ಸೇರಿತ್ತು. ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರದ ಹೊಸ ಕಾಯ್ದೆ ಬಂದು, ಅವನು ಆಡುತ್ತಿದ್ದ ಆ್ಯಪ್ ದುಡ್ಡಿನ ಆಟ ನಿಲ್ಲಿಸಿತ್ತು. ಅಷ್ಟರಲ್ಲೇ ಟೆಲಿಗ್ರಾಂನಲ್ಲಿ ಯಾರೋ ಇನ್ನೊಂದು ಲಿಂಕ್ ಕೊಟ್ಟಿದ್ದರು. ಕಂಪನಿ ಯಾವ ದೇಶದ್ದೋ, ಕೆವೈಸಿ ಬೇಕಿಲ್ಲ, ಯಾರದೋ ಯುಪಿಐ ಐಡಿಗೆ ದುಡ್ಡು ಹಾಕಿದರೆ ಆಯ್ತು. ‘ಕಲೀದೇ ಆಡಿ ಸೋತೆ ಅಣ್ಣ. ಸರಿಯಾಗಿ ಕಲ್ತು ಆಡಿದ್ರೆ ವಾಪಸ್ ತಗೋಬಹುದಲ್ವಾ? ಇದು ಜೂಜಲ್ಲ, ಸ್ಕಿಲ್ ಗೇಮ್. ಹೈಕೋರ್ಟೇ ಹೇಳಿದೆ.’

ಅವನ ಕೊನೇ ಮಾತು ಸುಳ್ಳಲ್ಲ. ಕಷ್ಟ ಇರೋದೇ ಅಲ್ಲಿ. ಅವನ ಒಪ್ಪಿಗೆ ಪಡೆದೇ ಇದನ್ನು ಬರೀತಿದ್ದೀನಿ.

ಪೋಕರ್ ಬಗ್ಗೆ ನಮ್ಮ ಕಾನೂನಿನ ಚರ್ಚೆಯೆಲ್ಲ ಒಂದೇ ಪ್ರಶ್ನೆಯ ಸುತ್ತ ತಿರುಗಿದೆ: ಇದು ಕೌಶಲವೋ, ಅದೃಷ್ಟವೋ? 2013ರಲ್ಲಿ ಕರ್ನಾಟಕ ಹೈಕೋರ್ಟ್, ಕೌಶಲದ ಆಟವಾಗಿ ಆಡುವಷ್ಟು ಕಾಲ ಪೋಕರ್‌ಗೆ ಲೈಸೆನ್ಸ್ ಬೇಕಿಲ್ಲ ಎಂದಿತು. 2017ರಲ್ಲಿ ಗುಜರಾತ್ ಹೈಕೋರ್ಟ್ ಅದನ್ನು ಜೂಜು ಎಂದಿತು. 2021ರಲ್ಲಿ ಆಗಿನ ಬಿಜೆಪಿ ಸರ್ಕಾರ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ನಮ್ಮ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2023ರ ನವೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ತಮಿಳುನಾಡಿನ ಕಾಯ್ದೆಯನ್ನು ಉಳಿಸಿಕೊಂಡು, ರಮ್ಮಿ ಮತ್ತು ಪೋಕರ್ ಅನ್ನು ಮಾತ್ರ ನಿಷೇಧದ ಪಟ್ಟಿಯಿಂದ ತೆಗೆಯಿತು.

ಆಮೇಲೆ 2025ರ ಆಗಸ್ಟ್. 20ರಂದು ಲೋಕಸಭೆ, 21ರಂದು ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಗಳ ಅಂಕಿತ. ಮೂರೇ ದಿನ, ಹೇಳಿಕೊಳ್ಳುವಂಥ ಚರ್ಚೆಯಿಲ್ಲ. ಕೌಶಲವೋ ಅದೃಷ್ಟವೋ ಅನ್ನೋ ಪ್ರಶ್ನೆಯನ್ನೇ ಪಕ್ಕಕ್ಕಿಟ್ಟು, ದುಡ್ಡು ಪಣಕ್ಕಿಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸುವ ಕಾಯ್ದೆ. ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಆಡುವವರಿಗೆ ಶಿಕ್ಷೆ ಇಲ್ಲ. 45 ಕೋಟಿ ಜನ ಇಂಥ ಆಟಗಳಿಂದ ತೊಂದರೆಗೊಳಗಾಗಿ 20 ಸಾವಿರ ಕೋಟಿಗೂ ಹೆಚ್ಚು ಕಳೆದುಕೊಂಡಿದ್ದಾರೆ ಅಂತ ಸರ್ಕಾರ ಲೆಕ್ಕ ಕೊಟ್ಟಿತು. ಕಾಯ್ದೆಯ ವಿರುದ್ಧ ಮೊದಲು ಕೋರ್ಟ್ ಮೆಟ್ಟಿಲೇರಿದ್ದು ನಮ್ಮ ಕರ್ನಾಟಕ ಹೈಕೋರ್ಟ್‌ನಲ್ಲೇ. ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಪ್ರಕರಣಗಳನ್ನೆಲ್ಲ ತನ್ನ ಬಳಿಗೆ ವರ್ಗಾಯಿಸಿಕೊಂಡಿತು.

ಇಷ್ಟೆಲ್ಲ ವಾದ-ವಿವಾದದಲ್ಲಿ ನನ್ನ ತಮ್ಮ ಕೇಳಿದ ಪ್ರಶ್ನೆ ಮಾತ್ರ ಎಲ್ಲೂ ಕಾಣಲ್ಲ. ಹೊಸಬ ಇದನ್ನು ಗೆಲ್ಲೋ ಮಟ್ಟಕ್ಕೆ ಕಲಿಯಬಹುದಾ? ಕಲಿಯೋಕೆ ಎಷ್ಟು ಸಮಯ ಬೇಕು, ಎಷ್ಟು ಖರ್ಚಾಗುತ್ತೆ?

ಕಲಿಯಬಹುದು. ಇದರಲ್ಲಿ ನನಗೆ ಅನುಮಾನ ಇಲ್ಲ. ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಮತ್ತು ಥಾಮಸ್ ಮೈಲ್ಸ್, 2010ರ ವರ್ಲ್ಡ್ ಸೀರೀಸ್ ಆಫ್ ಪೋಕರ್ ಟೂರ್ನಿಗಳ ಫಲಿತಾಂಶ ತೆಗೆದು ನೋಡಿದರು. ಮೊದಲೇ ‘ನುರಿತವರು’ ಅಂತ ಗುರುತಿಸಿಕೊಂಡಿದ್ದವರು ಹಾಕಿದ ದುಡ್ಡಿನ ಮೇಲೆ ಸರಾಸರಿ ಶೇ. 30ಕ್ಕೂ ಹೆಚ್ಚು ಲಾಭ ಮಾಡಿದ್ದರು. ಬರೀ ಅದೃಷ್ಟವಾಗಿದ್ದರೆ ಹೀಗೆ ಆಗೋಕೆ ಸಾಧ್ಯವಿಲ್ಲ. ಪೋಕರ್ ಕೌಶಲದ ಆಟ ಅನ್ನೋರು ಈ ಅಧ್ಯಯನವನ್ನು ಎತ್ತಿ ತೋರಿಸ್ತಾರೆ. ಅದೇ ಅಧ್ಯಯನದ ಇನ್ನೊಂದು ಸಂಖ್ಯೆಯನ್ನೂ ಓದಬೇಕು: ಉಳಿದವರೆಲ್ಲರ ಸರಾಸರಿ ಫಲಿತಾಂಶ ಶೇ. 15ರಷ್ಟು ನಷ್ಟ. ನನ್ನ ತಮ್ಮ ಇದ್ದಿದ್ದು ಈ ‘ಉಳಿದವರ’ ಸಾಲಿನಲ್ಲಿ. ಸುಮಾರು ಎರಡು ವರ್ಷ ನಾನೂ ಅಲ್ಲೇ ಇದ್ದೆ.

ಗೊತ್ತಿಲ್ಲದವರಿಗೆ ಆಟ ಎರಡು ಮಾತಲ್ಲಿ: ಪ್ರತಿಯೊಬ್ಬರ ಕೈಗೆ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ಮೊದಲು ಕೈಯೆಲೆ ನೋಡಿ ಒಂದು ಸುತ್ತು ಪಣ, ಆಮೇಲೆ ಮೂರು ಎಲೆ ಬಿದ್ದಾಗ, ನಾಲ್ಕನೆಯದು ಬಿದ್ದಾಗ, ಐದನೆಯದು ಬಿದ್ದಾಗ ಮತ್ತೆ ಪಣ. ಕೊನೆಯಲ್ಲಿ ಒಳ್ಳೆ ಜೋಡಣೆ ಇದ್ದವರು, ಇಲ್ಲವೇ ಉಳಿದವರನ್ನೆಲ್ಲ ಎಲೆ ಎಸೆಯೋ ಹಾಗೆ ಮಾಡಿದವರು ಗೆಲ್ತಾರೆ.

ಕಲಿಯೋಕೆ ಶುರು ಮಾಡಿದಾಗ ನಾನು ಮಾಡಿದ ಮೊದಲ ತಪ್ಪು ಬ್ಲಫ್ ಮಾಡೋದು ಕಲಿಯೋಕೆ ಹೋಗಿದ್ದು. ಸಿನಿಮಾ ನೋಡಿ ಬಂದ ಚಟ ಅದು. ಹೊಸಬರು ಮೊದಲು ಕಲೀಬೇಕಾದ್ದು ಎಲೆ ಎಸೆಯೋದು. ನಮ್ಮ ಮೂರೆಲೆ ಆಟದವರು ‘ಪ್ಯಾಕ್’ ಅಂತಾರಲ್ಲ, ಅದು. ಒಂಬತ್ತು ಜನರ ಮೇಜಿನಲ್ಲಿ ಹತ್ತು ಸಲ ಎಲೆ ಬಂದರೆ ಎಂಟು ಸಲ ಒಂದು ರೂಪಾಯಿಯನ್ನೂ ಹಾಕದೆ ಎಸೆದು ಸುಮ್ಮನೆ ಕೂರಬೇಕು. ಜೋಡಿ ಎಕ್ಕ ಬರೋದು 221 ಸಲಕ್ಕೆ ಒಮ್ಮೆ. ಆ ಕಾಯುವಿಕೆ ಎಷ್ಟು ಬೇಜಾರಿನದ್ದು ಅಂತ ಆಡಿದವರಿಗೇ ಗೊತ್ತು. ಹೊಸಬನಿಗೆ ‘ಇಷ್ಟು ಹೊತ್ತು ಕೂತಿದ್ದೀನಿ, ಈ ಸಲ ನೋಡೋಣ’ ಅನ್ಸುತ್ತೆ. ಅವನ ದುಡ್ಡಿನ ಬಹುಪಾಲು ಹೋಗೋದು ದೊಡ್ಡ ಸೋಲಿನಲ್ಲಲ್ಲ, ಈ ‘ನೋಡೋಣ’ದಲ್ಲಿ. ಐಪಿಎಲ್ ಮಧ್ಯೆ ಬರ್ತಿದ್ದ ಕಾರ್ಡ್ ಆಟದ ಜಾಹೀರಾತುಗಳನ್ನು ನೆನಪಿಸಿಕೊಳ್ಳಿ. ಒಂದರಲ್ಲಾದರೂ ಯಾರಾದರೂ ಎಲೆ ಎಸೆದು ಸುಮ್ಮನೆ ಕೂತಿದ್ದನ್ನು ನೋಡಿದ್ದೀರಾ?

ಎರಡನೆಯದು ಕೂತ ಜಾಗ. ಪಂಚಾಯ್ತಿ ಕಟ್ಟೆಯಲ್ಲಿ ಕೊನೆಗೆ ಮಾತಾಡೋನಿಗೆ ಎಲ್ಲರ ಮನಸ್ಸಲ್ಲಿ ಏನಿದೆ ಅಂತ ಗೊತ್ತಾಗಿರುತ್ತೆ. ಪೋಕರ್‌ನಲ್ಲೂ ಕೊನೆಗೆ ಪಣ ಹೇಳೋನಿಗೆ ಅದೇ ಅನುಕೂಲ. ಮೊದಲು ಹೇಳಬೇಕಾದ ಜಾಗದಲ್ಲಿದ್ದರೆ ತುಂಬಾ ಒಳ್ಳೆಯ ಎಲೆ ಮಾತ್ರ ಆಡಬೇಕು, ಕೊನೆಯಲ್ಲಿದ್ದರೆ ಸ್ವಲ್ಪ ಸಡಿಲ ಬಿಡಬಹುದು.

ಮೂರನೆಯದು ಲೆಕ್ಕ, ಪಿಯುಸಿ ಗಣಿತ ಸಾಕು. ನಿಮ್ಮ ಕೈಯಲ್ಲಿ ಎರಡು ಆಟೀನ್, ಮೇಜಿನ ಮೇಲಿನ ನಾಲ್ಕು ಎಲೆಯಲ್ಲಿ ಎರಡು ಆಟೀನ್. ಇನ್ನೊಂದು ಆಟೀನ್ ಬಿದ್ದರೆ ಆಟ ನಿಮ್ಮದು ಅಂದುಕೊಳ್ಳಿ. ನಿಮಗೆ ಕಾಣದ ಎಲೆ 46, ಅದರಲ್ಲಿ ಆಟೀನ್ 9. ಅಂದ್ರೆ ಐದರಲ್ಲಿ ಒಂದಕ್ಕಿಂತ ಚೂರು ಕಮ್ಮಿ ಅವಕಾಶ. ಮೇಜಿನ ಮೇಲೆ 200 ರೂಪಾಯಿ ಇದೆ, ಎದುರಿನವನು 100 ಹಾಕಿದ. ಈಗ ನೀವು 100 ಕೊಟ್ಟು 300ಕ್ಕೆ ಪೈಪೋಟಿ ಮಾಡ್ತಿದ್ದೀರಿ. ನಾಲ್ಕರಲ್ಲಿ ಒಮ್ಮೆ ಗೆದ್ದರೆ ಸರಿಸಮ. ನಿಮಗೆ ಇರೋದು ಐದರಲ್ಲಿ ಒಂದು. ಎಸೀಬೇಕು. ಅವನು 100ರ ಬದಲು 40 ಹಾಕಿದ್ದರೆ? 40 ಕೊಟ್ಟು 240ಕ್ಕೆ, ಅಂದರೆ ಏಳರಲ್ಲಿ ಒಮ್ಮೆ ಗೆದ್ದರೂ ಸರಿಸಮ. ಆಗ ಆಡಬೇಕು. ಎಲೆ ಅದೇ, ಆಸೆ ಅದೇ, ಬೆಲೆ ಬದಲಾಗಿದ್ದಕ್ಕೆ ಉತ್ತರ ಬದಲಾಯ್ತು. ಮುಂದೆ ಬರಬಹುದಾದ ಪಣವನ್ನೂ ಸೇರಿಸಿದರೆ ಲೆಕ್ಕ ಇನ್ನೊಂಚೂರು ಜಟಿಲ ಆಗುತ್ತೆ. ಆದರೆ ಇಷ್ಟನ್ನೇ ಯೋಚಿಸದೆ ಸಹಜವಾಗಿ ಮಾಡೋ ಮಟ್ಟಕ್ಕೆ ಬರೋಕೆ ನನಗೆ ತಿಂಗಳುಗಳು ಹಿಡಿದವು.

ಇದಕ್ಕಿಂತ ಕಷ್ಟದ್ದು ನಿರ್ಧಾರ ಮತ್ತು ಫಲಿತಾಂಶ ಬೇರೆ ಬೇರೆ ಅಂತ ಒಪ್ಪಿಕೊಳ್ಳೋದು. ಜೋಡಿ ಎಕ್ಕ ಇಟ್ಟುಕೊಂಡು ಜೋಡಿ ರಾಜನ ಎದುರು ಎಲ್ಲಾ ದುಡ್ಡು ಹಾಕೋದು ಸರಿಯಾದ ನಿರ್ಧಾರ. ಆದರೂ ನೂರರಲ್ಲಿ ಸುಮಾರು 18 ಸಲ ಸೋಲ್ತೀರಿ. ಆ ಸೋಲಿನಿಂದ ‘ಎಕ್ಕ ನಂಬಬಾರದು’ ಅಂತ ಪಾಠ ಕಲಿತರೆ ಕೆಟ್ಟಿರಿ. ಉಲ್ಟಾನೂ ಆಗುತ್ತೆ: ಐದರಲ್ಲಿ ಒಂದರ ಅವಕಾಶಕ್ಕೆ 100 ಹಾಕಿ, ಆಟೀನ್ ಬಿದ್ದು ಗೆದ್ದುಬಿಟ್ಟರೆ ತಪ್ಪೇ ಅಭ್ಯಾಸ ಆಗುತ್ತೆ. ಹಾಗಾಗಿ ನೋಟ್‌ಬುಕ್ ಬೇಕು. ಯಾಕೆ ಹಾಕಿದೆ, ಯಾಕೆ ಎಸೆದೆ ಅಂತ ಫಲಿತಾಂಶ ಬರೋಕೆ ಮುಂಚೆ ಇದ್ದ ಕಾರಣವನ್ನು ಬರೆದಿಟ್ಟು, ಆಮೇಲೆ ನಿಮಗಿಂತ ಚೆನ್ನಾಗಿ ಆಡೋರಿಗೆ ತೋರಿಸಬೇಕು. ಮನಶ್ಶಾಸ್ತ್ರಜ್ಞೆ ಮರಿಯಾ ಕೊನ್ನಿಕೋವಾ ಶೂನ್ಯದಿಂದ ಪೋಕರ್ ಕಲಿತು ಟೂರ್ನಿ ಗೆದ್ದು, 2020ರಲ್ಲಿ ಆ ಬಗ್ಗೆ ಪುಸ್ತಕ ಬರೆದರು. ಅವರಿಗೆ ಗುರುವಾಗಿ ಸಿಕ್ಕಿದ್ದು ಎರಿಕ್ ಸೈಡೆಲ್, ಜಗತ್ತಿನ ಅತ್ಯುತ್ತಮ ಆಟಗಾರರಲ್ಲೊಬ್ಬರು. ದಾವಣಗೆರೆ ಹಾಸ್ಟೆಲ್‌ನ ಹುಡುಗನಿಗೆ ಸಿಗೋದು ಯೂಟ್ಯೂಬ್ ವಿಡಿಯೋ ಮತ್ತು ಸೈನ್-ಅಪ್ ಬೋನಸ್.

ಈಗ ನನ್ನ ಲೆಕ್ಕ ಹೇಳ್ತೀನಿ. 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನ ಪಿಜಿ ರೂಮಿನಲ್ಲಿ ಶುರು ಮಾಡಿದ್ದು. ಮೇಲೆ ಹೇಳಿದ್ದನ್ನೆಲ್ಲ ಓದಿ, ಬರೆದಿಟ್ಟು, ಐದು-ಹತ್ತು ರೂಪಾಯಿಯ ಚಿಕ್ಕ ಮೇಜುಗಳಲ್ಲೇ ಆಡಿದೆ. ಒಟ್ಟು 41 ಸಾವಿರ ಕೈ ಆಡಿದ್ದೆ. ಕೊನೆಗೆ ಕೂಡಿ ಕಳೆದು ನೋಡಿದರೆ 23,400 ರೂಪಾಯಿ ನಷ್ಟ. ಅದಲ್ಲ ಆಶ್ಚರ್ಯ. ಅಷ್ಟೂ ಆಟಗಳಲ್ಲಿ ನನ್ನ ಪಾಲಿನಿಂದ ಆ್ಯಪ್ ಮುರಿದುಕೊಂಡಿದ್ದ ಕಮಿಷನ್ ಬೇರೆ ಕೂಡಿಸಿದೆ. 31 ಸಾವಿರ! ಅಂದರೆ ಎದುರು ಕೂತವರ ವಿರುದ್ಧ ನಾನು 7,600 ರೂಪಾಯಿ ಗೆದ್ದಿದ್ದೆ. ಮನೆಯವನ ಪಾಲು ಕೊಟ್ಟ ಮೇಲೆ ಸೋತಿದ್ದೆ.

ಈ ಪಾಲಿಗೆ ರೇಕ್ ಅಂತಾರೆ. ಸಾಮಾನ್ಯವಾಗಿ ಪ್ರತಿ ಆಟದ ಒಟ್ಟು ಪಣದಲ್ಲಿ ಶೇ. 5ರ ಆಸುಪಾಸು, ಒಂದು ಮಿತಿಯವರೆಗೆ. ದೊಡ್ಡ ಮೇಜುಗಳಲ್ಲಿ ಆ ಮಿತಿ ಬೇಗ ಮುಟ್ಟುತ್ತೆ, ಹಾಗಾಗಿ ಹೊರೆ ಹಗುರ. ಹೊಸಬರು ಕಲಿಯೋಕೆ ಕೂರೋ ಚಿಕ್ಕ ಮೇಜುಗಳಲ್ಲಿ ಮಿತಿ ಮುಟ್ಟೋದೇ ಅಪರೂಪ, ಪೂರ್ತಿ ಶೇಕಡಾವಾರು ಹೋಗುತ್ತೆ. ಅಂದ್ರೆ ಎದುರಿನವರಿಗಿಂತ ಚೆನ್ನಾಗಿ ಆಡಿದರೆ ಸಾಲದು, ರೇಕ್ ತೆತ್ತು ಮಿಗೋವಷ್ಟು ಚೆನ್ನಾಗಿ ಆಡಬೇಕು. ಅದರ ಮೇಲೆ ತೆರಿಗೆ. 2023ರ ಅಕ್ಟೋಬರ್‌ನಿಂದ ಹಾಕಿದ ಪೂರ್ತಿ ದುಡ್ಡಿನ ಮೇಲೆ ಶೇ. 28 ಜಿಎಸ್‌ಟಿ ಬಂತು. ತಮ್ಮ ಆಡಿದ್ದು ಆಮೇಲೆಯೇ.

ಇನ್ನು ಸಮಯ. ನೂರು ಕೈಗೆ ಸರಾಸರಿ ಐದು ಬ್ಲೈಂಡ್ ಗೆಲ್ಲೋ ಒಳ್ಳೆಯ ಆಟಗಾರನೂ 10 ಸಾವಿರ ಕೈ ಆಡಿದ ಮೇಲೆ ನಷ್ಟದಲ್ಲಿರೋ ಸಾಧ್ಯತೆ, ಆಟದ ಸಾಮಾನ್ಯ ಏರಿಳಿತ ಹಿಡಿದು ಲೆಕ್ಕ ಹಾಕಿದರೆ, ಹತ್ತರಲ್ಲಿ ಮೂರರಷ್ಟು ಬರುತ್ತೆ. ಹಾಗೇ ಕೆಟ್ಟ ಆಟಗಾರ ತಿಂಗಳುಗಟ್ಟಲೆ ಗೆಲ್ತಾ ಇರಬಹುದು. ನಾನು ಕಲಿತಿದ್ದೀನಾ ಇಲ್ವಾ ಅಂತ ತಿಳಿಯೋಕೇ ಹತ್ತಾರು ಸಾವಿರ ಕೈ ಬೇಕು. ಆ ಅಷ್ಟೂ ಕೈಗಳಲ್ಲಿ ರೇಕ್ ಕಟ್ ಆಗ್ತಾ ಇರುತ್ತೆ. ‘ಕಲಿತು ವಾಪಸ್ ತಗೋತೀನಿ’ ಅಂದ ತಮ್ಮನ ಲೆಕ್ಕ ತಪ್ಪಿದ್ದು ಇಲ್ಲಿ.

ಕೌಶಲದ ಆಟಗಳ ವಾದಕ್ಕೆಲ್ಲ ಮೂಲವಾಗಿ ಉಲ್ಲೇಖಿಸೋದು ಸುಪ್ರೀಂ ಕೋರ್ಟ್‌ನ 1968ರ ಸತ್ಯನಾರಾಯಣ ಪ್ರಕರಣ. ರಮ್ಮಿಯಲ್ಲಿ ಬಿದ್ದ ಎಲೆ ನೆನಪಿಡಬೇಕು, ಯಾವುದು ಇಟ್ಟುಕೊಳ್ಳಬೇಕು ಯಾವುದು ಬಿಡಬೇಕು ಅನ್ನೋ ಜಾಣ್ಮೆ ಬೇಕು, ಹಾಗಾಗಿ ಅದು ಮುಖ್ಯವಾಗಿ ಕೌಶಲದ ಆಟ ಎಂದಿತ್ತು ಕೋರ್ಟ್. ಅರ್ಜಿಗಳಲ್ಲಿ, ಟಿವಿ ಚರ್ಚೆಗಳಲ್ಲಿ ಈ ಅರ್ಧವನ್ನು ಸಾವಿರ ಸಲ ಕೇಳಿದ್ದೀವಿ. ಅದೇ ತೀರ್ಪಿನಲ್ಲಿ ಇನ್ನರ್ಧ ಇದೆ: ಪಣಕ್ಕಿಟ್ಟು ಆಡುವ ಆಟದಿಂದ ಕ್ಲಬ್ಬಿನ ಅಥವಾ ಮನೆಯ ಮಾಲೀಕ ಲಾಭ ಮಾಡಿಕೊಳ್ಳುತ್ತಿದ್ದರೆ ಅದು ಅಪರಾಧವಾಗಬಹುದು ಎಂದೂ ಕೋರ್ಟ್ ಹೇಳಿತ್ತು. ಆಡೋರ ಕೌಶಲದ ಬಗ್ಗೆ ಅರ್ಧ ಶತಮಾನ ವಾದ ಮಾಡಿದ ನಾವು, ಆಡಿಸೋರ ಲಾಭದ ಪ್ರಶ್ನೆಗೆ ಅದರ ಕಾಲುಭಾಗ ಗಮನವನ್ನೂ ಕೊಡಲಿಲ್ಲ ಅನ್ನೋದು ನನ್ನ ದೂರು.

ಹಾಗಾದ್ರೆ ನಿಷೇಧವೇ ಸರಿಯಾ? ನನಗೆ ಹಾಗನ್ಸಲ್ಲ. ಬೆಂಗಳೂರಿನಲ್ಲಿ ಕುದುರೆ ಓಡ್ತಾನೇ ಇವೆ, ಗೋವಾದ ಕ್ಯಾಸಿನೊ ಹಡಗುಗಳಲ್ಲಿ ದೀಪ ಆರಿಲ್ಲ, ಕೇರಳ ಸರ್ಕಾರವೇ ಲಾಟರಿ ಮಾರುತ್ತೆ. ಜನರ ದುಡ್ಡಿನ ಕಾಳಜಿಯೇ ಕಾರಣ ಅಂದರೆ ನಂಬೋದು ಕಷ್ಟ. ಜೊತೆಗೆ ನಿಷೇಧ ಬಂದ ಕೆಲವೇ ವಾರಗಳಲ್ಲಿ ತಮ್ಮನ ಫೋನಿಗೆ ಆ ಲಿಂಕ್ ಬಂದಿತ್ತು. ಇಲ್ಲಿನ ಕಂಪನಿಗಳಿಗೆ ಕನಿಷ್ಠ ಒಂದು ವಿಳಾಸ ಇತ್ತು, ದೂರು ಕೊಡಬಹುದಿತ್ತು. ಈ ಲಿಂಕಿನ ಹಿಂದೆ ಯಾರಿದ್ದಾರೆ ಅಂತಲೇ ಗೊತ್ತಿಲ್ಲ. ಒಂದೇ ಮೇಜಿನಲ್ಲಿ ಮೂವರು ಒಳಗೊಳಗೇ ಮಾತಾಡಿಕೊಂಡು ಆಡಿದರೆ ಕೇಳೋರಿಲ್ಲ. ಎದುರಿರೋದು ಮನುಷ್ಯರೇನಾ ಅಂತ ನೋಡೋರೂ ಇಲ್ಲ. 2017ರಲ್ಲೇ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಅನ್ನೋ ಪ್ರೋಗ್ರಾಂ ನಾಲ್ವರು ವೃತ್ತಿಪರರನ್ನು 1,20,000 ಕೈಗಳಲ್ಲಿ ಸೋಲಿಸಿತ್ತು. ಅಂಥ ಕಡೆ ಹೋಗಿ ಮೂವತ್ತೆಂಟು ಸಾವಿರ ವಾಪಸ್ ತರ್ತೀನಿ ಅನ್ನೋನಿಗೆ ಯಾವ ಪುಸ್ತಕ ಓದಿಸಿದರೂ ಉಪಯೋಗ ಇಲ್ಲ.

ನಡುವಿನ ದಾರಿ ಇತ್ತು, ನಮ್ಮ ದೇಶದಲ್ಲೇ ಅದರ ಮಾದರಿಯೂ ಇದೆ. ಷೇರು ಮಾರುಕಟ್ಟೆಯ ಎಫ್ ಆ್ಯಂಡ್ ಒ ವ್ಯವಹಾರದ ಬಗ್ಗೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಅಧ್ಯಯನ ಪ್ರಕಟಿಸಿತು: ಮೂರು ಹಣಕಾಸು ವರ್ಷಗಳಲ್ಲಿ ಸಾಮಾನ್ಯ ಹೂಡಿಕೆದಾರರಲ್ಲಿ ಶೇ. 93ರಷ್ಟು ಜನ ನಷ್ಟ ಮಾಡಿಕೊಂಡಿದ್ದಾರೆ, ಒಟ್ಟು ನಷ್ಟ 1.8 ಲಕ್ಷ ಕೋಟಿಗೂ ಹೆಚ್ಚು. ಹತ್ತರಲ್ಲಿ ಒಂಬತ್ತು ಜನ ಕಳೆದುಕೊಳ್ಳುತ್ತಾರೆ ಅನ್ನೋದನ್ನು ಬ್ರೋಕರ್‌ಗಳು ತಮ್ಮ ಗ್ರಾಹಕರಿಗೆ ತೋರಿಸಲೇಬೇಕು ಅಂತ ಅದಕ್ಕೂ ಮುಂಚೆ ನಿಯಮ ತಂದಿತ್ತು. ಸಾಕಾಗುತ್ತೋ ಇಲ್ವೋ ಬೇರೆ ಮಾತು, ಕನಿಷ್ಠ ಸಂಖ್ಯೆ ಹೊರಗೆ ಬಂತು. ಕಾರ್ಡ್ ಆಟದ ಕಂಪನಿಗಳ ಸರ್ವರ್‌ಗಳಲ್ಲಿ ಪ್ರತಿಯೊಬ್ಬರ ಪ್ರತಿ ಕೈಯ ಲೆಕ್ಕ ಇತ್ತು. ವರ್ಷದ ಕೊನೆಗೆ ನೂರರಲ್ಲಿ ಎಷ್ಟು ಖಾತೆಗಳು ಲಾಭದಲ್ಲಿದ್ದವು, ಹೊಸಬರಿಂದ ಬಂದ ರೇಕ್ ಎಷ್ಟು, ಎಷ್ಟು ಜನ ಮೂರು ತಿಂಗಳಲ್ಲಿ ಎಲ್ಲ ಕಳೆದುಕೊಂಡು ಹೋದರು? ಸ್ಕಿಲ್ ಗೇಮ್ ಅಂತ ವಾದ ಮಾಡೋರು ಇದನ್ನು ತಾವಾಗೇ ಬಿಚ್ಚಿಡಬೇಕಿತ್ತು. ನಿಷೇಧಿಸೋ ಮುಂಚೆ ಸರ್ಕಾರವಾದರೂ ಕೇಳಬೇಕಿತ್ತು. ಸುಪ್ರೀಂ ಕೋರ್ಟ್ ಇನ್ನೂ ಕೇಳಬಹುದು.

ತಮ್ಮನಿಗೆ ಅವತ್ತು ಇಷ್ಟೆಲ್ಲ ಹೇಳಲಿಲ್ಲ. ‘ಲಿಂಕ್ ಡಿಲೀಟ್ ಮಾಡು, ಫೀಸ್ ವಿಷ್ಯ ಚಿಕ್ಕಪ್ಪನ ಹತ್ರ ನಾನೇ ಮಾತಾಡ್ತೀನಿ, ದೀಪಾವಳಿಗೆ ಬಾ, ಆಟ ಕಲಿಸ್ತೀನಿ’ ಅಂದೆ. ಚಿಕ್ಕಪ್ಪ ಎರಡು ದಿನ ಮಾತಾಡಲಿಲ್ಲ, ಮೂರನೇ ದಿನ ಸೊಸೈಟಿಯಲ್ಲಿ ಸಾಲ ತೆಗೆದು ಕಟ್ಟಿದರು. ದುಡ್ಡಿಲ್ಲದೆ ಆಡೋ ಆಟಕ್ಕೆ ಹೊಸ ಕಾಯ್ದೆಯ ಅಡ್ಡಿ ಇಲ್ಲ. ಹಬ್ಬಕ್ಕೆ ಬಂದಾಗ ಅಜ್ಜಿಯ ಡಬ್ಬಿಯಿಂದ ಹುಣಸೆ ಬೀಜ ತೆಗೆದು ತಲಾ ನೂರು ಹಂಚಿಕೊಂಡ್ವಿ. ನಾನು, ಅವನು, ಇಬ್ಬರು ಅಕ್ಕಂದಿರು. ಪ್ರತಿ ಆಟಕ್ಕೂ ಇಪ್ಪತ್ತರಲ್ಲಿ ಒಂದು ಬೀಜ ತೆಗೆದು ಪಕ್ಕದ ಲೋಟಕ್ಕೆ ಹಾಕೋದು ಅಂತ ನಿಯಮ ಮಾಡಿದೆ.

ಎರಡನೇ ಸಂಜೆ ದೊಡ್ಡಕ್ಕನೇ ಎಲ್ಲರಿಗಿಂತ ಮುಂದಿದ್ದಳು. ಆದರೂ ಅವಳ ಹತ್ತಿರ ಶುರುವಿನಲ್ಲಿ ಇದ್ದಷ್ಟು ಬೀಜ ಇರಲಿಲ್ಲ. ತಮ್ಮ ಲೋಟ ಎತ್ತಿ ಅಲ್ಲಾಡಿಸಿ ನೋಡಿದ. ಚಾಪೆಯ ಮೇಲೆ ಸುರುವಿ ಒಂದೊಂದಾಗಿ ಎಣಿಸೋಕೆ ಶುರು ಮಾಡಿದ. ನಾವ್ಯಾರೂ ತಡೀಲಿಲ್ಲ.